ಒಂದು ದಿನದ ಕ್ಯಾನು

ಕಿಟಕಿ ಚಿಕ್ಕದು. ಸಾಗರದ ಆಸ್ಪತ್ರೆ, ಹನ್ನೊಂದನೇ ರೂಮು.
ಹೆಚ್ಚಾಗಿ ಕೈಗಳಷ್ಟೇ ಕಾಣುವುದು ನನಗೆ,
ಕೈಯಲ್ಲಿ ಬಾಟಲಿ, ಬಾಟಲಿಯ ಮೇಲೆ ಸೆರಗು.
ಹಾರ್ಲಿಕ್ಸಿನದು, ಕೆಮ್ಮಿನ ಸಿರಪ್ಪಿನದು, ಒಮ್ಮೆ
ಜೇನಿನ ವಾಸನೆ ಇನ್ನೂ ಬಿಡದ ಬಾಟಲಿ.
ಸಕ್ಕರೆ ನಾಲ್ಕು ಪ್ಲಸ್. ಮೈಯದೋ ಜೇನಿನದೋ
ತಿಳಿಯದೆ ಆ ಮನುಷ್ಯನನ್ನು ವಾಪಸು ಕಳಿಸಿದ್ದೆ.

ಹೆಸರೂ ಹಾಗೇ. ಫಾರಮ್ಮಿನಲ್ಲಿ ಮೂತ್ರ,
ಮಕ್ಕಳಿಗೆ ಒಂದ, ಮುದುಕರಿಗೆ ನೀರು,
ಕಾಲೇಜು ಹುಡುಗಿಯರಿಗೆ ಯೂರಿನ್.
ಉಚ್ಚೆ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ,
ಎಲ್ಲರೂ ನೆಲ ನೋಡುತ್ತಾರೆ.

ಗುತ್ಯಮ್ಮ ನೆಲ ನೋಡಲಿಲ್ಲ.
ಹೊಳೆಯಾಚೆಯವಳು. ಸೇತುವೆಗೆ ಆಗಿನ್ನೂ ಕಂಬ ಮಾತ್ರ.
ಲಾಂಚಿಳಿದು ಬಸ್ಸು ಹತ್ತಿ ಬಂದವಳ ಕೈಗೆ
ಐದು ಲೀಟರಿನ ಬಿಳಿ ಕ್ಯಾನು ಕೊಟ್ಟು ಹೇಳಿದೆ:
ನಾಳೆ ಆರಕ್ಕೆ ಎದ್ದು ಮೊದಲಿನದು ಚೆಲ್ಲು.
ಆಮೇಲಿನದೆಲ್ಲ ಇದರೊಳಗೆ, ಹಗಲಿನದು, ರಾತ್ರಿಯದು,
ನಾಡಿದ್ದು ಆರು ಗಂಟೆಯದೂ ಸೇರಿ.
ಒಂದು ಹನಿ ಬಿಡಬಾರದು. ತಂಪಿನಲ್ಲಿಡು. ಫ್ರಿಜ್ ಇದೆಯಾ?
ನಕ್ಕಳು. "ಅಬ್ಬಿ ನೀರಿದೆ."

ಬಂದಳು, ಕ್ಯಾನಿನ ಕುತ್ತಿಗೆಗೆ ಬಾಳೆನಾರು ಕಟ್ಟಿಕೊಂಡು.
ಲಾಂಚಿನಲ್ಲಿ ಯಾರೋ ಕೇಳಿದರಂತೆ, ತುಪ್ಪವಾ?
ಹೌದು, ಮಾರೋದಲ್ಲ, ಅಂದಳಂತೆ.
ಅಳತೆಯ ಜಾಡಿಗೆ ಸುರಿಯುವ ಮೊದಲೇ ಕೈ ತಡೆದಳು:
"ಅಕ್ಕೋರೆ, ಒಂದು ಸಲದ್ದು ತಪ್ಪಿತು.
ಕೆಂಪಿ ಕರು ಹಾಕ್ತಿತ್ತು, ಹಿಂಗಾಲು ಮೊದಲು ಬಂತು,
ಎಳೆಯೋಕೆ ನಾನೊಬ್ಬಳೇ. ಕೊಟ್ಟಿಗೆಯಲ್ಲೇ ಆಗಿಹೋಯ್ತು."
ಕರು?
"ಎದ್ದು ನಿಂತಿದೆ."

ಹೇಳದಿದ್ದರೆ ಯಾರೂ ಕೇಳುತ್ತಿರಲಿಲ್ಲ.
ಕಮ್ಮಿಯಾಯಿತೆಂದು ಬಾವಿ ನೀರು ಬೆರೆಸಿ ತಂದ
ಮೇಷ್ಟರನ್ನು ನೋಡಿದ್ದೇನೆ ನಾನು.
ಸಿಂಕಿಗೆ ಸುರಿದೆ. ಒಂದು ಸಾವಿರದ ನೂರು ಎಂಎಲ್:
ಅವಳು ಕುಡಿದ ಗಂಜಿ, ಎರಡು ಕಷಾಯ,
ಟಾರ್ಚು ಹಿಡಿದು ಕತ್ತಲಲ್ಲಿ ಎದ್ದ ಎರಡು ಸಲ,
ಎಲ್ಲ ಗಳಗಳ ಹೋಯಿತು.
ಮತ್ತೆ ಮೊದಲಿನಿಂದ, ಅಂದೆ.
ನನ್ನ ದನಿ ನನಗೇ ಹಿಡಿಸಲಿಲ್ಲ.

ಸೋಮವಾರ ಬಂದಾಗ ಮಾತಿಗೆ ತಡೆಯಿರಲಿಲ್ಲ.
"ಈ ಸಲ ಒಂದು ಹನಿಯೂ ಹೋಗಿಲ್ಲ.
ಕ್ಯಾನು ಬಿಟ್ಟು ಕದಲಬಾರದು, ಆಸ್ಪತ್ರೆ ಆರ್ಡರು, ಅಂದೆ.
ಹುಲ್ಲು ಅವರೇ ತಂದ್ರು. ಅನ್ನ ಮಗ ಮಾಡಿದ, ಅರ್ಧ ಬೆಂದಿತ್ತು.
ಮದುವೆಯಾಗಿ ಬಂದಮೇಲೆ
ಒಂದಿಡೀ ದಿನ ಜಗಲಿ ಮೇಲೆ ಕೂತಿದ್ದು ಇದೇ ಮೊದಲು.
ಮಧ್ಯಾಹ್ನ ಎಷ್ಟು ಉದ್ದ ಇರ್ತದೆ, ಅಕ್ಕೋರೆ!"

ಒಂದು ಸಾವಿರದ ನಾನೂರು. ಕುಲುಕಿದೆ.
ನೊರೆ ಎದ್ದಿತು, ಆಗಷ್ಟೇ ಕರೆದ ಹಾಲಿನ ಹಾಗೆ,
ಮತ್ತೆ ಇಳಿಯಲಿಲ್ಲ.
ಆಸಿಡ್ ಮೂರು ಹನಿ ಬಿಟ್ಟರೆ ಟ್ಯೂಬಿನೊಳಗೆ ಮಂಜು.
ಪ್ರೋಟೀನು ನೂರೈವತ್ತರೊಳಗೆ ಇರಬೇಕಾದಲ್ಲಿ
ಮೂರು ಸಾವಿರದ ಇನ್ನೂರು.
ಸೊನ್ನೆ ಒಂದು ಜಾಸ್ತಿ ಬಿತ್ತೇನೋ ಎಂದು
ಎರಡು ಸಲ ಲೆಕ್ಕ ಮಾಡಿದೆ.

"ಏನಂತೆ?"
ಡಾಕ್ಟರಿಗೆ ತೋರಿಸಿ, ಅಂದೆ.
ಈ ಎರಡೇ ಮಾತಿನಲ್ಲಿ ಇಪ್ಪತ್ತು ವರ್ಷ ಸಂಬಳ ತಿಂದಿದ್ದೇನೆ.

ರಿಪೋರ್ಟು ಮಡಚಿ ಸಂಚಿಯಲ್ಲಿಟ್ಟು ಹೊರಟವಳು
ತಿರುಗಿ ಬಂದು ಕಿಟಕಿಗೆ ಬಗ್ಗಿದಳು.
ಕಣ್ಣ ಕೆಳಗಿನ ಬಾವು ಅವತ್ತು ನೋಡಿದೆ.
"ಇನ್ನೊಂದು ಸಲ ಬೇಕಿದ್ರೂ ಕೊಡ್ತೀನಿ," ಅಂದಳು ಮೆಲ್ಲಗೆ,
"ಮನೆಯವರಿಗೆ ನೀವೇ ಒಂದು ಚೀಟಿ ಬರೀರಿ."

ಚೀಟಿ ಬರೆಯುವ ಅಧಿಕಾರ ನನಗಿಲ್ಲ.
ಕ್ಯಾನಿನ ಲೇಬಲ್ಲಿನ ಹಿಂದೆ ಬರೆದೆ:
ಕೆಲಸ ಮಾಡಬಾರದು, ಒಂದು ದಿನ.
ಒಂದು ಅಂಕಿಯಲ್ಲಿತ್ತು.
ಪಕ್ಕದಲ್ಲಿ ಒಂದು ಸೊನ್ನೆ ಹಾಕಿದೆ.