ಹತ್ತು ದಾರ

ಕಾಳಿ ಕಡಲಿಗೆ ಸೇರುವ ಕೋಡಿಬಾಗದಲ್ಲಿ
ಪುರ್ಸು ಹರಿಕಂತ್ರ ಏಡಿಗೆ ಹತ್ತು ಬಲೆ ಇಳಿಸಿ
ಒಂದೊಂದು ದಾರಕ್ಕೂ ಗೆಜ್ಜೆ ಕಟ್ಟಿದ್ದಾನೆ.

ಮೊದಲು ದೋಣಿ ಸುತ್ತಿಸಿ ಒಂದೊಂದನ್ನೂ ಎತ್ತಿ
ಬಂತಾ, ಬಂತಾ ಎಂದು ನೋಡುತ್ತಿದ್ದನಂತೆ.
ನನ್ನ ಹಳೆಯ ಲೂಪೂ ಹಾಗೇ,
ಖಾಲಿ ಸಾಕೆಟ್ಟುಗಳ ಬಾಗಿಲು ಬಡಿಬಡಿದು
ಸುಮ್ಮನೆ ಬಿಸಿಯಾಗುತ್ತಿತ್ತು.

ಈಗ ದಂಡೆಯಲ್ಲಿ ಮಲಗುತ್ತಾನೆ; ಕಿವಿಯೊಂದು ಎಚ್ಚರ.
ಏಳನೆಯದು ಕಿಣಿ ಎಂದರೆ ಏಳನೆಯದೇ:
ಎತ್ತು, ಬುಟ್ಟಿಗೆ ಸುರಿ, ಇಳಿಸು, ಮಲಗು.
"ಏಡಿ ಕೊಂಬು ಕಟ್ತಾ ಕೂತ್ರೆ, ತಂಗಿ,
ಮೂರನೇದು ಹೋದಂಗೇ.
ಕಟ್ಟೂದು ನಮ್ಮನೆಯವಳ ಕೆಲ್ಸ, ಅವ್ಳು ಅತ್ಲಾಗೆ ಕೂತವಳೆ."

ರಾತ್ರಿ ಭರತಿ ಏರಿತು. ಹತ್ತೂ ಗೆಜ್ಜೆ ಒಟ್ಟಿಗೆ.
ನಾನು ಎದ್ದು ನಿಂತೆ.
ಅವನು ಮಗ್ಗುಲಾದ: "ಅದು ನೀರು."

ಆ ಒಂದು ಸಾಲು
ನಾನಿನ್ನೂ ಬರೆದಿಲ್ಲ.