ಬಿಸ್ತೂಲಿನ ಒರಿ

ಇವರ ಬಾಯಾಗ ಪ ಇಲ್ಲ.
ಅದಕ್ಕ ಈ ನಿಜ್ವಾ ಪ್ಯಾಟ್ಯಾಗ
ಅಥಣಿ ಪರಸಪ್ಪ ಹನ್ನೊಂದು ವರ್ಷದಿಂದ ಬರಸಬ್ಬ.
ಪಿಸ್ತೂಲು, ಬಿಸ್ತೂಲು.

ನಾಸಿರ್ ಬಿನ್ ಹಮೂದ್ ಅದನ್ನ ಕರವಸ್ತ್ರದಾಗ ಸುತ್ತಿ ತಂದಿದ್ದ,
ಮ್ಯಾಲ ಲೈಸೆನ್ಸಿನ ಕಾಗದ, ನಾ ಕೇಳೂಕಿಂತ ಮೊದಲ.
ಅಂಗೈಯಷ್ಟ ಐತಿ. ಗುಂಡು ಇಲ್ಲಂತ ಮೂರು ಸಲ ತೋರಿಸಿದ.
"ನಮ್ಮಪ್ಪನ ಖಂಜರಿಗೆ ನೀ ಹೊಲದ ಒರಿ ಛಲೋ ಐತಿ,
ಇದಕ್ಕೂ ಒಂದು ಹೊಲಿ.
ಈಗಿನದು ಹಿಡಕೋತೈತಿ, ಜಗ್ಗಿದ್ರ ಬರೂದಿಲ್ಲ."

ಚರ್ಮ ನನಗ ಗೊತ್ತು.
ಜಾಲಿ ತೊಗಟಿ, ಅಳಲಿಕಾಯಿ ನೀರಿನ ವಾಸನಿ
ಹುಟ್ಟಿದಾಗಿಂದ ಉಗರಿನಾಗ ಐತಿ.
ನಮ್ಮವ್ವ ಚಪ್ಪಲಿಗೆ ಜಡಿ ಹೆಣೀತಿದ್ಲು,
ಅಳತಿಗೆ ಕಾಗದ ಬೇಕಾಗಿರಲಿಲ್ಲ ಆಕಿಗೆ,
ಮಂದಿ ನಡ್ಯೂದ ನೋಡಿ ಹೇಳ್ತಿದ್ಲು:
ಇಂವಗ ಕಿರಿಬಳ್ಳಿನ ಕಡೆ ಒಂದು ಎಳಿ ಸಡ್ಲ ಬಿಡಬೇಕು.

ಕಬ್ಬಿಣಕ್ಕ ನಡಗಿ ಎಲ್ಲಿಂದ ಬರಬೇಕು?

ಮುಟ್ಟಲಿಲ್ಲ ನಾ. "ಅಲ್ಲೇ ಇಡು" ಅಂದ್ನಿ.
ಬೇವಿನ ತುಂಡಿನಾಗ ಅದರಂಥಾದ್ದ ಒಂದು ಕೆತ್ತಿದ್ನಿ,
ಎರಡು ಮಧ್ಯಾಹ್ನ ಹಿಡೀತು.
ಹಸಿ ಚರ್ಮ ಅದರ ಮ್ಯಾಲ ಹಾಸಿ
ಎಲಬಿನ ತುಂಡಿಲೆ ತಿಕ್ಕಿ ತಿಕ್ಕಿ
ಮೂಗು, ಮಗ್ಗಲು, ಕುತಗಿ ಎಲ್ಲಾ ಮೂಡಿಸಿದ್ನಿ.
ಇಲ್ಲಿ ಬಿಸಲಿಗೆ ಇಟ್ರ ಅರ್ಧ ತಾಸಿಗೆ ಕಟಕ ರೊಟ್ಟಿ,
ನೆರಳಾಗ ಇಟ್ನಿ, ಬಾಣಂತಿ ಮಗ್ಗಲಿನ ಕೂಸಿನಂಗ.

ಕಟಗೀದು ಸರ್ ಅಂತ ಹೋತು, ಸರ್ ಅಂತ ಬಂತು.
ಖರೇದು ಬರಲಿಲ್ಲ.

ಅದರ ಬೆನ್ನಿಗೆ ಒಂದು ಕೊಕ್ಕು ಐತಿ.
ಒರಿ ಬಾಯಿಗೆ ಬಂದು ಸಿಗತೈತಿ,
ಜಾಲಿ ಮುಳ್ಳಿಗೆ ಸೆರಗು ಸಿಕ್ಕಂಗ.
"ಚರ್ಮ ಕತ್ತರಿಸು" ಅಂದ ನಾಸಿರ್.
"ತಪ್ಪು ಚರ್ಮದ್ದಲ್ಲ, ಕಬ್ಬಿಣದ್ದು" ಅಂದ್ನಿ.
ಹಿಂಗ ಅನ್ನೂ ಧೈರ್ಯ ಊರಾಗ ಇರಲಿಲ್ಲ.
ಊರಾಗ ಚಪ್ಪಲಿ ಕಚ್ಚಿದ್ರ ಯಾವತ್ತೂ ಚರ್ಮದ್ದ ತಪ್ಪು,
ಗೌಡನ ಕಾಲಿಂದಲ್ಲ.

ಬಾಜೂ ಅಂಗಡಿ ಬಲೂಚಿ ಶಂಬೆ,
ಬೀಗ ರಿಪೇರಿ, ಹಳೇ ಬಂದೂಕಿಗೆ ಬೆಳ್ಳಿ ಪಟ್ಟಿ ಬಡ್ಯಾಂವ,
ಅರಾ ಹಿಡದು ಕುಂತ. ಉಸರು ಕಟ್ಟಿ
ಬೆಕ್ಕಿನ ಉಗರು ಕತ್ತರಿಸಿದಂಗ
ಆ ಕೊಕ್ಕಿನ ತುದಿ ದುಂಡಗ ಮಾಡಿದ,
ಹಿಡಿಕಿ ಮೂಲಿಯ ಚೂಪು ತಗದ,
ಮಗ್ಗಲಿನ ಗುಂಡಿ ಕೂದಲೆಳಿಯಷ್ಟು ತಗ್ಗಿಸಿದ.
ಮೇಜಿನ ಮ್ಯಾಲ ಚಿಟಿಕಿ ಕಬ್ಬಿಣದ ಹಿಟ್ಟು.
ಊದಿದ. ಹೋತು.

ಹಾಕಿದ್ನಿ. ಟಪ್ ಅಂತ ಕುಂತಿತು.
ಜಗ್ಗಿದ್ನಿ.
ಬೆಣ್ಯಾಗಿನ ಕೂದಲು ತಗದಂಗ
ಕೈಗೆ ಬಂದದ್ದ ತಿಳೀಲಿಲ್ಲ.
ಮುಟ್ಟೂದಿಲ್ಲ ಅಂದಿದ್ನೆಲ್ಲ, ಮರತ ಹೋಗಿತ್ತು.

ಅವತ್ತ ಊಟಕ್ಕ ಕುಂತ್ರ ಅದ ಚಿಂತಿ.
ಎಡವೂ ಕಲ್ಲು ಕಿತ್ತು ಒಗದ್ವಿ ನಾನೂ ಶಂಬೆನೂ.
ಆ ಕಲ್ಲಿಗೆ ಎಡವಿದ್ದಕ್ಕ
ಯಾವನೋ ಒಬ್ಬಾಂವ ಇಷ್ಟು ದಿನ ಉಳದಿದ್ರ?
ಸಿಟ್ಟು ಬಂದು, ಕೈ ಹೋಗಿ, ಜಗ್ಗಿದ್ರ ಬರದ,
ಅಷ್ಟರಾಗ ಕಾವಾ ಬಂದು,
ಒಳಗಿಂದ ಯಾರೋ ಕರದು,
ಮಸೂತ್ಯಾಗ ಬಾಂಗ್ ಕೂಗಿ...

ರಾತ್ರಿ ಎದ್ದು ಒರಿ ಬಾಯಿಗೆ ಅಡ್ಡ ಒಂದು ಪಟ್ಟಿ ಹೊಲದ್ನಿ.
ಹಿತ್ತಾಳಿ ಗುಂಡಿ, ಹೆಬ್ಬಳ್ಳಿಲೆ ಒತ್ತಿದ್ರ ಬಿಡೂವಂಥಾದ್ದು.
ಒಂದು, ಎರಡು ಅನ್ನೂದರಾಗ ಬಿಡತೈತಿ.
ಒಂದು ಅನ್ನೂದರಾಗ ಇಲ್ಲ.

"ಇದೇನು ಬರಸಬ್ಬ?"
"ಒಂಟಿ ಹತ್ತಿ ಇಳ್ಯಾಗ ಬೀಳಬಾರದಲ್ಲ" ಅಂದ್ನಿ.
ಅಂವಗ ಒಂಟಿ ಇಲ್ಲ, ಬಿಳೇ ಲ್ಯಾಂಡ್ ಕ್ರೂಸರ್ ಐತಿ.
ಗುಂಡಿ ಒತ್ತಿದ, ಬಿಟ್ಟ, ಮತ್ತ ಒತ್ತಿದ,
ನನ್ನ ಮಾರಿ ನೋಡಿದ.
ಹನ್ನೆರಡು ರಿಯಾಲಿಗೆ ಮಾತಾಗಿತ್ತು, ಹದಿನೈದು ಕೊಟ್ಟ.
ಆ ಮೂರು ಯಾತರದ್ದಂತ ನಾ ಕೇಳಲಿಲ್ಲ.

ಕಟಗೀದು ಇಲ್ಲೇ ಐತಿ.
ಮಧ್ಯಾಹ್ನದ ಬಿಸಿಗಾಳಿಗೆ ಕದಾ ಬಡೀಬಾರದಂತ
ಸಂದ್ಯಾಗ ಇಡ್ತೀನಿ.
ಛಲೋ ಕೂಡತೈತಿ.