ಉಪ್ಪಿನ ಗೋಡೆ

ಭಾನುವಾರದ ರಜೆಗಾಗಿ ಡಿಪೋ ಮ್ಯಾನೇಜರಿಗೆ
ಮೂವತ್ತನಾಲ್ಕು ವರ್ಷ ಸುಳ್ಳು ಹೇಳಿದ್ದೇನೆ.
ಇದ್ದೊಬ್ಬ ಸೋದರತ್ತೆ ಮೂರು ಸಲ ತೀರಿಕೊಂಡಳು.
ನಿಜ ಹೇಳಿದ್ದರೆ ನಗುತ್ತಿದ್ದರು:
ಈ ಕಂಡಕ್ಟರು ದಂಡಿನ ಕಡೆ ಕುದುರೆ ಲಾಯದಲ್ಲಿ ಕೂತು
ಬದನೆಕಾಯಿಯ ನೆರಳು ಬರೆಯುತ್ತಾನೆ.

ಲಾಯವೇ ಅದು. ಚಿತ್ರಶಾಲೆ ಎಂಬ ಬೋರ್ಡು ಆಮೇಲೆ ಬಂತು,
'ಶಾ' ಉದುರಿ ಈಗ 'ಚಿತ್ರ ಲೆ',
ಆಟೋದವರಿಗೆ ಅದೇ ಹೆಸರು.
ನಡುವೆ ಒಂದಷ್ಟು ಕಾಲ ಸೀಮೆಎಣ್ಣೆ ಡಿಪೋ ಆಗಿತ್ತಂತೆ,
ಮಳೆ ಹಿಡಿದರೆ ನೆಲ ಇನ್ನೂ ಅದನ್ನೇ ನೆನೆಯುತ್ತದೆ.
ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳಿಗೆ ದಾರ ಎಳೆದು
ಮುದ್ರಣದ ಒದ್ದೆ ಹಾಳೆ ಒಣಹಾಕುತ್ತೇವೆ.
ನೀರಿನ ತೊಟ್ಟಿಯಲ್ಲಿ ಜೇಡಿಮಣ್ಣು.
ಬೈಂಡಿಂಗ್ ಕೆಲಸದ ಸವರಿಮುತ್ತು ಹದಿನೈದು ವರ್ಷ
ಗೂಳಿಯನ್ನೇ ಬರೆದ; ಕಾಲು ಸರಿ ಬರದೆ
ಹುಲ್ಲು ಬೆಳೆಸಿ ಮುಚ್ಚಿದ.
ಲಿಲಿಯನ್ ಟೀಚರ್ ನಮ್ಮ ರಬ್ಬರು ಕಿತ್ತುಕೊಳ್ಳುತ್ತಿದ್ದರು.
ಅವರು ಹೋದಾಗ ಮೇಜಿನ ಡ್ರಾಯರಿನಲ್ಲಿ
ಎರಡು ಸೇರು ರಬ್ಬರು.

ಮೂಲೆಯ ಗೋಡೆಯಲ್ಲೊಂದು ಕುಳಿ,
ಎದೆಮಟ್ಟದಲ್ಲಿ, ಅಂಗೈ ಜಾರುವಷ್ಟು ನಯ.
ಕುದುರೆಗಳು ನೆಕ್ಕಿದ್ದು, ಉಪ್ಪಿನಾಸೆಗೆ.
ಒಂದೇ ಕುದುರೆಯಲ್ಲ, ಒಂದೇ ವರ್ಷವಲ್ಲ,
ಹಗ್ಗ ಬಿಟ್ಟುಕೊಟ್ಟಷ್ಟೇ ಅಗಲ.

ಅದನ್ನು ಬರೆಯಲು ನೋಡಿದೆ. ಇದ್ದಿಲಲ್ಲಿ, ಶಾಯಿಯಲ್ಲಿ,
ಸಿಗ್ನಲ್ಲಿಗೆ ನಿಂತ ಬಸ್ಸಿನಲ್ಲಿ ಟಿಕೆಟ್ಟಿನ ಬೆನ್ನಿಗೆ.
ಪ್ರತಿಸಲ ಬಟ್ಟಲಾಗುತ್ತದೆ, ಇಲ್ಲವೇ ಮೊಣಕಾಲ ಚಿಪ್ಪು.
ಇಲ್ಲದ್ದಕ್ಕೆ ಗೆರೆ ಎಲ್ಲಿಂದ ಹಿಡಿಯುವುದು?

ಹೋದ ತಿಂಗಳು ಹಳೇ ಕಟ್ಟಡಗಳ ಇಂಜಿನಿಯರು ಬಂದ.
ಸುತ್ತಿಗೆಯಲ್ಲಿ ಗೋಡೆ ತಟ್ಟಿ ಕಿವಿಗೊಟ್ಟ,
ಬಿರುಕಿಗೆಲ್ಲ ಸೀಮೆಸುಣ್ಣದ ಗುರುತು ಹಾಕಿದ,
ಕುಳಿಗೂ. 'ಹಾನಿ. ತುಂಬಬೇಕು.'
ಪಿಳ್ಳಮ್ಮ ಸುಣ್ಣದ ಬಕೀಟು ಕೆಳಗಿಟ್ಟಳು.
ಆಯುಧಪೂಜೆಗೆ ಮುಂಚೆ ವರ್ಷವೂ ಬಳಿಯುವವಳು,
ಅಲ್ಲಿಗೆ ಬಂದಾಗ ಅವಳ ಕುಂಚ ತಾನಾಗಿ ದುಂಡಗೆ ತಿರುಗುತ್ತದೆ.
'ಅದು ಬಾಯಿ ಮಾಡಿರೋ ಕೆಲ್ಸ ಸಾಮಿ,
ಕೈಲಿ ಮುಚ್ಚಕಾಗಲ್ಲ.'
ಅವನು ಬರೆದುಕೊಂಡ. ಏನು ಬರೆದುಕೊಂಡನೋ.

ನಿನ್ನೆ ಮಕ್ಕಳ ಕ್ಲಾಸು.
ಟ್ಯಾನರಿ ರೋಡಿನ ರುಖಿಯಾ, ಆರು ವರ್ಷ,
ಆನೆಗೆ ಹಸಿರು ಬಳಿದು ಮುಗಿಸಿ ನನ್ನ ಬಳಿ ಬಂದು ನಿಂತಳು.
ನನ್ನದು ಮತ್ತೆ ಅದೇ ಬಟ್ಟಲು.
ಕಾಗದ ನೋಡಿದಳು. ಗೋಡೆ ನೋಡಿದಳು.
ಸ್ಟೂಲು ಎಳೆದು, ಹತ್ತಿ, ನಾಲಿಗೆ ಚಾಚಿ
ಒಂದು ಸಲ ನೆಕ್ಕಿದಳು.
'ಹೆಂಗಿದೆ?'
'ಉಪ್ಪಿಲ್ಲ ಅಂಕಲ್' ಅಂದು
ತುಟಿಗಂಟಿದ ಸುಣ್ಣ ಒರೆಸದೆ
ಕುಂಚ ತೊಳೆಯಲು ಹೋದಳು.